ಬಾಡಿಗೆ ಮನೆಗೆ ಯಾವುದು ಬಾಳುತ್ತದೆ: ಕಡಪ ಕಲ್ಲಿನ ಅಡುಗೆಮನೆ, ಗೀಸರ್, ಫ್ಯಾನ್

ಬೆಂಗಳೂರಿನ 30x40 ಸೈಟಿನಲ್ಲಿ ಮೇಲ್ಮಹಡಿ ಕಟ್ಟಿ ಬಾಡಿಗೆಗೆ ಕೊಡಬೇಕೆಂದಿರುವವರಿಗೆ ಅಂಗಡಿಗಳು ತೋರಿಸುವುದು ಸ್ವಂತ ಮನೆಗೆ ಒಪ್ಪುವ ಸಾಮಾನನ್ನೇ. ಬಾಡಿಗೆ ಮನೆಯ ಲೆಕ್ಕ ಬೇರೆ. ಕೆಲವು ವರ್ಷಕ್ಕೊಮ್ಮೆ ಸಂಸಾರ ಬದಲಾಗುತ್ತದೆ, ಸಿಂಕಿನ ಕೆಳಗಿನ ಸಣ್ಣ ಸೋರಿಕೆ ಮಾಲೀಕರ ಕಿವಿಗೆ ಬೀಳುವಷ್ಟರಲ್ಲಿ ಮರ ಉಬ್ಬಿರುತ್ತದೆ. ಆದ್ದರಿಂದ ಇಲ್ಲಿ ನೋಡಿರುವುದು ಎರಡೇ: ನೀರಿಗೆ ನಿಲ್ಲುತ್ತದೆಯೇ, ಕೆಟ್ಟರೆ ಬೀದಿ ತಿರುವಿನ ಅಂಗಡಿಯಲ್ಲಿ ಸಿಗುವ ಬಿಡಿಭಾಗದಿಂದ ಸರಿಯಾಗುತ್ತದೆಯೇ.

ರೆಡಿಮೇಡ್ ಮಾಡ್ಯುಲರ್ ಕಿಚನ್ ಮೊದಲು. ಕಡಿಮೆ ದರದವು ಸಾಮಾನ್ಯವಾಗಿ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ನಾರು ಇಲ್ಲವೇ ಚೂರನ್ನು ಅಂಟು ಹಾಕಿ ಒತ್ತಿದ ಹಲಗೆಯವು. ಕತ್ತರಿಸಿದ ಅಂಚಿನಿಂದ ನೀರು ಕುಡಿದು ಬೋರ್ಡು ಉಬ್ಬುತ್ತದೆ, ಹಿಂಜಿನ ಸ್ಕ್ರೂ ಹಿಡಿತ ಬಿಡುತ್ತದೆ. ಒಮ್ಮೆ ಕಿತ್ತು ಬಂದ ಜಾಗದಲ್ಲಿ ಮತ್ತೆ ಸ್ಕ್ರೂ ನಿಲ್ಲುವುದಿಲ್ಲ. ಬಾಡಿಗೆ ಮನೆಗೆ ಇದು ಬೇಡವೇ ಬೇಡ.

ನಮ್ಮ ಕಡೆಯ ಹಳೆಯ ಪದ್ಧತಿಯೇ ಗೆಲ್ಲುವುದು ಇಲ್ಲಿ: ಗ್ರಾನೈಟ್ ಕಟ್ಟೆಯ ಕೆಳಗೆ ನಿಲುವು ಮತ್ತು ಅಡ್ಡ ಹಲಗೆಗಳೆಲ್ಲ ಕಡಪ ಕಲ್ಲು, ಮರ ಬರುವುದು ಬಾಗಿಲಿಗೆ ಮಾತ್ರ. ಕಲ್ಲಿಗೆ ಗೆದ್ದಲಿಲ್ಲ, ನೀರಿನ ಭಯವಿಲ್ಲ. ಬಾಗಿಲು ಹಾಳಾದರೂ ಬಡಗಿ ಅದೊಂದನ್ನೇ ಬದಲಿಸಿ ಹೋಗುತ್ತಾರೆ. ಕಲ್ಲಿಗೆ ನೇರವಾಗಿ ಹಿಂಜ್ ಕೂರುವುದಿಲ್ಲವಾದ್ದರಿಂದ ಮುಂಭಾಗಕ್ಕೆ ಡಬ್ಲ್ಯುಪಿಸಿ (ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ) ಪಟ್ಟಿಯ ಚೌಕಟ್ಟು ಹಾಕಿಸಬೇಕು. ಬಾಗಿಲಿಗೆ ಐಎಸ್ 710 ಮುದ್ರೆಯ (ನೀರು ತಾಳುವ ಮರೀನ್ ದರ್ಜೆಯ) 18 ಎಂಎಂ ಪ್ಲೈವುಡ್, ಹಿಂಜ್ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಐಎಸ್ 303ರ ಎಂಆರ್ (ತೇವ ಮಾತ್ರ ತಾಳುವ) ದರ್ಜೆಯ ಪ್ಲೈವುಡ್ ಬೆಡ್‌ರೂಮಿನ ವಾರ್ಡ್‌ರೋಬಿಗೆ ಸಾಕು, ಅಡುಗೆಮನೆಗೆ ಸಾಲದು.

ಒಳ್ಳೆಯ ಪ್ಲೈವುಡ್ಡೂ ಸೋಲುವ ಎರಡು ಜಾಗಗಳಿವೆ. ಒಂದು, ಸಿಂಕಿನ ಕೆಳಗಿನ ಬಾಗಿಲಿನ ಮೇಲಂಚು. ಪಾತ್ರೆ ತೊಳೆದ ನೀರು ಗ್ರಾನೈಟಿನ ಮುಂಚಾಚನ್ನು ಸುತ್ತಿ, ಅಡಿಭಾಗಕ್ಕೆ ಅಂಟಿಕೊಂಡು ಹರಿದು ನೇರ ಆ ಅಂಚಿನ ಮೇಲೆ ಬೀಳುತ್ತದೆ. ಕಲ್ಲು ಕೂರಿಸುವ ಮೊದಲೇ ಅದರ ಅಡಿಯಲ್ಲಿ, ಮುಂದಿನ ಅಂಚಿಗೆ ಸಮಾನಾಂತರವಾಗಿ 4-5 ಎಂಎಂ ಅಗಲದ ಗ್ರೂವ್ (ಸಣ್ಣ ತೋಡು) ಹೊಡೆಸಿದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಬಾಗಿಲಿಗೆ ತಲುಪುವುದಿಲ್ಲ. ಇನ್ನೊಂದು, ಬಾಗಿಲಿನ ಕೆಳಂಚು. ಕಣ್ಣಿಗೆ ಕಾಣದ ಕಾರಣ ಅದಕ್ಕೆ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಹಾಕದೆ ಬಿಡುವವರಿದ್ದಾರೆ, ನೆಲ ಒರೆಸಿದ ನೀರು ಅಲ್ಲಿಂದ ಏರುತ್ತದೆ. ಹಣ ಕೊಡುವ ಮುನ್ನ ಪ್ರತಿ ಬಾಗಿಲಿನ ಕೆಳಗೂ ಬೆರಳಾಡಿಸಿ: ಒರಟು ತಾಗಿದರೆ ಕೆಲಸ ಮುಗಿದಿಲ್ಲ.

ಗೀಸರ್ ವಿಷಯಕ್ಕೆ ಬಂದರೆ, ಬಚ್ಚಲಿಗೆ 15 ಲೀಟರಿನ, 2000 ವಾಟ್ಸಿನ ಸ್ಟೋರೇಜ್ ಗೀಸರ್ ಸರಿಯಾದ ಆಯ್ಕೆ. ಸುಮಾರು 9 ಆಂಪಿಯರ್ ಎಳೆಯುತ್ತದೆ, ಹಾಗಾಗಿ 16 ಆಂಪಿಯರಿನ ಪಾಯಿಂಟ್ ಬೇಕು. 3 ಲೀಟರಿನ ಇನ್‌ಸ್ಟಂಟ್ ಗೀಸರ್ ಸಿಂಕಿಗೆ ಸರಿ, ಸ್ನಾನಕ್ಕೆ ಹಾಕಿದರೆ ದೂರು ತಪ್ಪಿದ್ದಲ್ಲ. ಬೋರ್‌ವೆಲ್‌ನ ಗಡಸು ನೀರಿರುವ ಬಡಾವಣೆಗಳಲ್ಲಿ ಎಲಿಮೆಂಟಿನ ಮೇಲೆ ಬಿಳಿ ಪದರ ಕಟ್ಟಿ ನೀರು ನಿಧಾನ ಕಾಯುತ್ತದೆ. ಟ್ಯಾಂಕಿನ ಉಕ್ಕು ಸವೆಯುವ ಬದಲು ತಾನು ಸವೆಯುವ ಮೆಗ್ನೀಸಿಯಂ ರಾಡ್ ಒಳಗಿರುತ್ತದೆ. ಅದನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಿ, ಒಳಗಿನ ತಂತಿ ಕಾಣಿಸಿದರೆ ಬದಲಿಸಿ. ಇದನ್ನು ಮರೆತರೆ ಟ್ಯಾಂಕೇ ತೂತು ಬೀಳುತ್ತದೆ. ನಿಲುವು ಗೀಸರಿನ ಎಲಿಮೆಂಟ್ ಹೊರಬರುವುದು ಕೆಳಗಿನಿಂದ, ಆದ್ದರಿಂದ ಅಡಿಯಲ್ಲಿ ಒಂದಡಿ ಜಾಗ ಬಿಡಿಸಿ. ಅಂದಕ್ಕೆಂದು ಫಾಲ್ಸ್ ಸೀಲಿಂಗಿನ ಮೇಲೆ ಬಚ್ಚಿಟ್ಟರೆ ಪ್ರತಿ ರಿಪೇರಿಗೂ ಸೀಲಿಂಗ್ ಒಡೆಯಬೇಕು. ನೀರು ಕಾಯುವಾಗ ಸೇಫ್ಟಿ ವಾಲ್ವ್ ತೊಟ್ಟಿಕ್ಕುವುದು ಸಹಜ. ಅದಕ್ಕೊಂದು ಪೈಪ್ ಕೊಟ್ಟು ಮೋರಿಗೆ ಬಿಡಿ, ಯಾರೂ ಬಿರಡೆ ಹೊಡೆಯದಂತೆ ನೋಡಿಕೊಳ್ಳಿ. ಒಳಗಿನ ಒತ್ತಡಕ್ಕೆ ಬೇರೆ ದಾರಿಯಿಲ್ಲ.

ಗೀಸರ್ ಇದ್ದಮೇಲೆ ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು, ಈ ಖರ್ಚಿನಲ್ಲಿ ಚೌಕಾಸಿ ಬೇಡ. ಪದೇ ಪದೇ ಟ್ರಿಪ್ ಆದರೆ ಸಾಮಾನ್ಯವಾಗಿ ಎಲಿಮೆಂಟಿನಲ್ಲಿ ಕರೆಂಟ್ ಸೋರಿಕೆ, ಇಲ್ಲವೇ ಎಲ್ಲೋ ನ್ಯೂಟ್ರಲ್ಲು ಅರ್ಥಿಂಗಿಗೆ ತಾಗಿದೆ ಎಂದರ್ಥ. ಅದನ್ನು ಹುಡುಕಿಸದೆ ಬೈಪಾಸ್ ಮಾಡಿ ಹೋಗುವ ಎಲೆಕ್ಟ್ರಿಷಿಯನ್ನರನ್ನು ಮತ್ತೆ ಕರೆಯಬೇಡಿ.

ಬಿಎಲ್‌ಡಿಸಿ ಫ್ಯಾನ್ (ಒಳಗೆ ಸರ್ಕ್ಯೂಟ್ ಬೋರ್ಡಿರುವ, ಕಡಿಮೆ ಕರೆಂಟಿನ ಫ್ಯಾನ್) ಒಳ್ಳೆಯ ವಸ್ತು: ಸಾಧಾರಣ ಫ್ಯಾನ್ 75 ವಾಟ್ ತಿಂದರೆ ಇದಕ್ಕೆ 30ರ ಆಸುಪಾಸು ಸಾಕು. ಆದರೆ ಬಾಡಿಗೆ ಮನೆಯಲ್ಲಿ ಕರೆಂಟ್ ಬಿಲ್ ಕಟ್ಟುವವರು ಬಾಡಿಗೆದಾರರು, ಕಳೆದ ರಿಮೋಟಿಗೂ ಸುಟ್ಟ ಸರ್ಕ್ಯೂಟ್ ಬೋರ್ಡಿಗೂ ತೆರುವವರು ಮಾಲೀಕರು. ಆದಾಯ ತೆರಿಗೆಯಲ್ಲೂ ಇದಕ್ಕೆ ಬೇರೆ ರಿಯಾಯಿತಿಯಿಲ್ಲ. ಮನೆ ಕಂದಾಯ ಕಳೆದ ಬಾಡಿಗೆಯಲ್ಲಿ 30% ನಿಗದಿತ ಕಡಿತ ಸಿಗುತ್ತದೆ, ರಿಪೇರಿಗೆ ಎಷ್ಟು ಖರ್ಚಾದರೂ ಅಷ್ಟೇ. ಸಾಧಾರಣ ಫ್ಯಾನ್ ನಿಧಾನವಾದರೆ ಹೆಚ್ಚಿನ ಸಲ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಬದಲಿಸಿದರೆ ಮುಗಿಯಿತು. ಸಾಧಾರಣ ಫ್ಯಾನನ್ನೇ ಹಾಕಿ.

ಏಸಿ ಕೊಡಿಸಬೇಡಿ. ಗಾರೆ ಕೆಲಸ ನಡೆಯುವಾಗಲೇ ಒಂದು ಬೆಡ್‌ರೂಮಿಗೆ 4 ಚದರ ಎಂಎಂ ತಂತಿಯ 20 ಆಂಪಿಯರ್ ಪಾಯಿಂಟ್ ಮತ್ತು ಹೊರಕ್ಕೆ ಇಳಿಜಾರಾದ ಡ್ರೈನ್ ಪೈಪ್ ಹುದುಗಿಸಿಡಿ. ಬೇಕಾದವರು ತಮ್ಮದನ್ನು ತಂದು ಹಾಕಿಕೊಳ್ಳುತ್ತಾರೆ, ಹೋಗುವಾಗ ಗೋಡೆ ಒಡೆಯದೆ ಬಿಚ್ಚಿಕೊಂಡು ಹೋಗುತ್ತಾರೆ.