ತಳ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ

ಮೈಸೂರು–ಬೆಂಗಳೂರು ರೈಲಿನಲ್ಲಿ ದಿನಾ ಓಡಾಡುವವನು ನಾನು. ಎರಡೂವರೆ ಕೇಜಿ ಲ್ಯಾಪ್‌ಟಾಪ್ ಹೊತ್ತು ಹೆಗಲು ಸಾಕಪ್ಪಾ ಅಂದಿತ್ತು. ಪುಟ್ಟದೊಂದು ಸೆಕೆಂಡ್ ಹ್ಯಾಂಡ್ ತಗೊಂಡು, ರ‍್ಯಾಮ್, ಎಸ್‌ಎಸ್‌ಡಿ (ಫೈಲ್‌ಗಳು ಕೂರುವ ಡಿಸ್ಕ್) ಹೆಚ್ಚಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳೋಣ ಅಂತ ಲೆಕ್ಕ ಹಾಕಿದೆ. ಹತ್ತಿರ ಹತ್ತಿರ ಐದು ಸಾವಿರ ದಂಡ ತೆತ್ತೆ. ಇದೇ ಯೋಚನೆಯಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್ ಕಡೆ ಹೊರಟವರು ಯಾರಾದರೂ ಇದ್ದರೆ ಒಂದು ನಿಮಿಷ ನಿಲ್ಲಿ.

ಅಂಗಡಿಯಲ್ಲಿ ಸಿಕ್ಕಿದ್ದು 11.6 ಇಂಚಿನದು, ತೂಕ 1.1 ಕೇಜಿ, ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಬೆಲೆ 11,500 ರೂಪಾಯಿ. "ರ‍್ಯಾಮ್ ಜಾಸ್ತಿ ಮಾಡಿಸ್ಬಹುದಾ?" ಅಂದೆ. "ಆರಾಮಾಗಿ ಸರ್" ಅಂತ ಅಂಗಡಿಯವರು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆಗೆದು ತೋರಿಸಿದರು. ಎರಡು ಸ್ಲಾಟ್‌ನಲ್ಲಿ ಒಂದು ಮಾತ್ರ ತುಂಬಿದೆ, ಮಾದರಿ ಸೋಡಿಮ್ (ಸ್ಲಾಟ್‌ಗೆ ಸಿಕ್ಕಿಸುವ, ಬೇಕಾದಾಗ ಬಿಚ್ಚುವ ಮೆಮೊರಿ ಕಡ್ಡಿ) ಅಂತ ಅಲ್ಲಿ ಸ್ಪಷ್ಟವಾಗಿತ್ತು. ನಾನೂ ಪೂರ್ತಿ ಪೆದ್ದನಲ್ಲ, ಜೇಬಿನಲ್ಲಿ ಮಿಂಟ್ ಪೆನ್‌ಡ್ರೈವ್ ಇಟ್ಟುಕೊಂಡೇ ಹೋಗಿದ್ದೆ. ಅದರಿಂದ ಬೂಟ್ ಮಾಡಿ ವೈಫೈ, ಟಚ್‌ಪ್ಯಾಡ್, ಸೌಂಡ್ ಎಲ್ಲ ಪರೀಕ್ಷಿಸಿದೆ. ಟರ್ಮಿನಲ್‌ನಲ್ಲಿ ಡಿಎಂಐಡಿಕೋಡ್ (ಯಂತ್ರದ ಬಿಡಿಭಾಗಗಳ ವಿವರ ತೋರಿಸುವ ಕಮಾಂಡ್) ಕೊಟ್ಟರೆ ಅದೂ ಎರಡು ಸ್ಲಾಟ್, ಸೋಡಿಮ್ ಅಂದಿತು. ಎರಡು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ಇನ್ನೇನು ಅನುಮಾನ? ದುಡ್ಡು ಎಣಿಸಿ ಕೊಟ್ಟೆ. ಪಕ್ಕದ ಅಂಗಡಿಯಲ್ಲೇ 8 ಜಿಬಿ ರ‍್ಯಾಮ್, 500 ಜಿಬಿ ಎನ್‌ವಿಎಂಇ (ಹೊಸ, ವೇಗದ ಬಗೆಯ) ಎಸ್‌ಎಸ್‌ಡಿ ಕೊಂಡೆ. ಎರಡೂ ಸೇರಿ 4,700.

ರಾತ್ರಿ ಮನೆಯಲ್ಲಿ ತಳದ ಸ್ಕ್ರೂ ಬಿಚ್ಚಿದೆ. (ಎರಡು ರಬ್ಬರ್ ಕಾಲಿನ ಕೆಳಗೆ ಅಡಗಿರುತ್ತವೆ, ಎಳೆದಾಡಿ ಮುಚ್ಚಳ ಮುರಿದುಕೊಳ್ಳಬೇಡಿ.) ಒಳಗೆ ಮುಕ್ಕಾಲು ಪಾಲು ಬ್ಯಾಟರಿ, ಉಳಿದದ್ದು ಅಂಗೈಯಗಲದ ಬೋರ್ಡ್. ರ‍್ಯಾಮ್ ಸ್ಲಾಟ್ ಎರಡಿರಲಿ, ಒಂದೂ ಇಲ್ಲ! ನಾಲ್ಕು ಕರಿ ಚಿಪ್‌ಗಳು ಬೋರ್ಡಿಗೇ ಬೆಸುಗೆಯಾಗಿ ಕೂತಿದ್ದವು. ಚಿಪ್ ಮೇಲಿನ ನಂಬರ್ ಹುಡುಕಿದರೆ ಎಲ್‌ಪಿಡಿಡಿಆರ್ ಅಂತ ಬಂತು. ಆ 'ಎಲ್‌ಪಿ' ಎರಡಕ್ಷರ ಕಂಡರೆ ಅಲ್ಲಿಗೆ ಮುಗಿಯಿತು, ಆ ಜಾತಿಯ ಮೆಮೊರಿ ಸೋಡಿಮ್ ಕಡ್ಡಿಯಾಗಿ ಬರುವುದೇ ಇಲ್ಲ. ಈಚೆಗೆ ಅದಕ್ಕೂ ಬಿಚ್ಚಿ ಹಾಕುವ ಹೊಸ ಮಾಡ್ಯೂಲ್ ಬಂದಿದೆ, ಆದರೆ ಹನ್ನೊಂದು ಸಾವಿರದ ಹಳೇ ಯಂತ್ರದಲ್ಲಿ ಅದನ್ನು ಹುಡುಕಬೇಡಿ.

ಹಾಗಾದರೆ ಸಾಕ್ಷಿಗಳು ಯಾಕೆ ಸುಳ್ಳು ಹೇಳಿದವು? ಇಬ್ಬರೂ ಓದಿದ್ದು ಒಂದೇ ಚೀಟಿಯನ್ನು. ಯಂತ್ರ ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ನೊಳಗೆ ಎಸ್‌ಎಂಬಯಾಸ್ ಅಂತ ಒಂದು ಪಟ್ಟಿ ಇರುತ್ತದೆ, ಅದನ್ನು ತುಂಬುವವರು ಬೋರ್ಡ್ ತಯಾರಿಸಿದವರು. ಅವರು ಯಾವುದೋ ಮಾದರಿಯಿಂದ ಹಾಗೇ ನಕಲು ಹೊಡೆದರೂ ಕೇಳುವವರಿಲ್ಲ. ಡಿಎಂಐಡಿಕೋಡ್‌ನ ಮ್ಯಾನುಯಲ್ ಪುಟದಲ್ಲೇ ಈ ಮಾಹಿತಿ ಬಹಳ ಸಲ ಅಪೂರ್ಣ, ಇಲ್ಲವೇ ತಪ್ಪು ಅಂತ ಬರೆದಿದ್ದಾರೆ. ನಾನು ಅದನ್ನು ಓದಿದ್ದು ದುಡ್ಡು ಕೊಟ್ಟ ಮೇಲೆ.

ಎಸ್‌ಎಸ್‌ಡಿ ಕಥೆ ಇನ್ನೊಂದು. ಎಂ.2 ಅನ್ನೋ ಸ್ಲಾಟೇನೋ ಇತ್ತು, 42 ಮಿ.ಮೀ. ಉದ್ದದ್ದಕ್ಕೆ. ನಾನು ತಂದದ್ದು 80 ಮಿ.ಮೀ.ನದು. ಉದ್ದದ ಮಾತು ಬಿಡಿ, ಆ ಸ್ಲಾಟ್ ಹಳೇ ಬಗೆಯ ಸಾಟಾ ಎಸ್‌ಎಸ್‌ಡಿಗೆ ಮಾತ್ರ, ಎನ್‌ವಿಎಂಇಗೆ ಅಲ್ಲ. ಎಂ.2 ಅನ್ನೋದು ಆಕಾರದ ಹೆಸರಷ್ಟೇ, ಒಳಗೆ ಸಾಟಾ ಓಡುತ್ತೋ ಎನ್‌ವಿಎಂಇ ಓಡುತ್ತೋ ಅದು ಹೇಳುವುದಿಲ್ಲ. ಇನ್ನು ಮೊದಲೇ ಇದ್ದ 64 ಜಿಬಿ? ಅದು ಇಎಂಎಂಸಿ ಅನ್ನೋ ಸ್ಟೋರೇಜ್ ಚಿಪ್, ಅದೂ ಬೆಸುಗೆ. ಅಂಗಡಿಯಲ್ಲಿ ಡಿಸ್ಕ್‌ಗಳ ಪಟ್ಟಿ ತೆಗೆದಾಗ ಹೆಸರು ಎಂಎಂಸಿ ಅಂತ ಶುರುವಾಗಿದ್ದು ಕಣ್ಣಿಗೆ ಬಿದ್ದಿತ್ತು. ಹಗುರಕ್ಕಾಗಿ ಎಲ್ಲವನ್ನೂ ಬೋರ್ಡಿಗೆ ಅಂಟಿಸಿದ್ದಾರೆ ಅಂತ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೂರನೇ ದಿನ ಅಂಗಡಿಗೆ ಹೋದೆ. ಬಿಲ್ ಮೇಲೆ ಏಳು ದಿನದ ವಾರಂಟಿ ಅಂತ ಕೈಯಲ್ಲಿ ಬರೆದಿತ್ತು. "ಒಳಗೆ ಬಿಚ್ಚಿದೀರ, ವಿಂಡೋಸ್ ಬೇರೆ ತೆಗ್ದಿದೀರ, ಇನ್ನೆಲ್ಲಿ ವಾರಂಟಿ ಸರ್?" ಅಂದರು. ಬೇಕಂತಲೇ ಮೋಸ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ, ಅವರೂ ಸ್ಕ್ರೀನ್ ನಂಬಿದ್ದರು. ಆದರೆ ದಂಡ ನನ್ನದು.

ಆದ್ದರಿಂದ ಅಂಗಡಿಯಲ್ಲೇ, ನಿಮ್ಮ ಕಣ್ಣೆದುರೇ ತಳ ಬಿಚ್ಚಿಸಿ. ಹತ್ತು ನಿಮಿಷದ ಕೆಲಸ. ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಬಿಡಿಭಾಗ ಕೊಳ್ಳುವುದು ಆಮೇಲೆ. ಮನೆಯಿಂದ ಹೊರಡುವ ಮುಂಚೆ ಆ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಸಿಕ್ಕರೆ ಮೆಮೊರಿ ತೆಗೆಯುವ ಪುಟ ಇದೆಯಾ ನೋಡಿ. ಸೀರೀಸ್ ಹೆಸರು ನಂಬಿ ಹೋಗಬೇಡಿ: ಥಿಂಕ್‌ಪ್ಯಾಡ್ ಎಕ್ಸ್230ರಲ್ಲಿ ರ‍್ಯಾಮ್ ಸ್ಲಾಟ್ ಎರಡು, 16 ಜಿಬಿವರೆಗೆ ಹಾಕಬಹುದು. ಎಕ್ಸ್240ರಿಂದ ಎಕ್ಸ್270ರವರೆಗೆ ಒಂದೇ. ಎಕ್ಸ್280ಕ್ಕೆ ಬಂದರೆ ಪೂರ್ತಿ ಬೆಸುಗೆ. ಎಲ್ಲವೂ ಅದೇ 12.5 ಇಂಚಿನ ಯಂತ್ರಗಳೇ.

ನನ್ನದಕ್ಕೆ ಕೊನೆಗೆ 42 ಮಿ.ಮೀ.ನ ಸಾಟಾ ಎಸ್‌ಎಸ್‌ಡಿ ಹುಡುಕಿ ಹಾಕಿದೆ. ಮಿಂಟ್ ಬಿಟ್ಟು ಇನ್ನೂ ಹಗುರವಾದ ಲಿನಕ್ಸ್ ಲುಬುಂಟು, ಜೊತೆಗೆ ಮೆಮೊರಿಯಲ್ಲಿರುವುದನ್ನು ಒತ್ತಿ ಜಾಗ ಉಳಿಸುವ ಝಡ್‌ರ‍್ಯಾಮ್. ಬರೆಯೋಕೆ ಅಡ್ಡಿಯಿಲ್ಲ, ಬ್ರೌಸರ್‌ನಲ್ಲಿ ಆರನೇ ಟ್ಯಾಬ್ ತೆಗೆದರೆ ಏದುಸಿರು ಬಿಡುತ್ತದೆ. ಎನ್‌ವಿಎಂಇಯನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಂಡಿದ್ದೇನೆ. 8 ಜಿಬಿ ರ‍್ಯಾಮ್ ಮೇಜಿನ ಡ್ರಾಯರ್‌ನಲ್ಲಿದೆ, ಡಿಡಿಆರ್4 ಜಾತಿಯದು. ಯಾರಿಗಾದರೂ ಬೇಕಿದ್ದರೆ ಹೇಳಿ, ಕವರ್ ಮಾತ್ರ ಹರಿದಿದೆ.