ಮಿನಿ ಲೇಥ್‌ಗೆ ಥ್ರಸ್ಟ್ ಬೇರಿಂಗ್: ಎರಡು ವರ್ಷ ಬಳಸಿದ ಮೇಲೆ

ಚೀನಾದ ಏಳಿಂಚಿನ ಮಿನಿ ಲೇಥ್ (ಲೋಹವನ್ನು ತಿರುಗಿಸಿ ಕತ್ತರಿಸುವ ಪುಟ್ಟ ಯಂತ್ರ) ಇರುವವರು, ಲೋಹದ ತುಂಡನ್ನು ಹಿಡಿಯುವ ಚಕ್ ಹೊಸದಕ್ಕೆ ದುಡ್ಡು ಹಾಕುವ ಮುಂಚೆ ಕ್ರಾಸ್ ಸ್ಲೈಡ್‌ಗೆ ಥ್ರಸ್ಟ್ ಬೇರಿಂಗ್ ಹಾಕಿಕೊಳ್ಳಿ. ಕ್ರಾಸ್ ಸ್ಲೈಡ್ ಅಂದರೆ ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ; ಥ್ರಸ್ಟ್ ಬೇರಿಂಗ್ ಅಂದರೆ ಸ್ಕ್ರೂನ ಉದ್ದಕ್ಕೆ ಬೀಳುವ ಒತ್ತಡ ತಾಳುವ ಬೇರಿಂಗ್. ನನ್ನ ಲೇಥ್‌ಗೆ ಕೊಟ್ಟ ಬೇರೆ ಯಾವ ಸಾಮಾನೂ ಇಷ್ಟು ಖುಷಿ ಕೊಟ್ಟಿಲ್ಲ.

ಕಂಪನಿಯಿಂದ ಬಂದಾಗ ಸ್ಲೈಡ್ ಸರಿಸುವ ಸ್ಕ್ರೂನ ಕಾಲರ್ (ಸ್ಕ್ರೂ ಮೇಲಿನ ದಪ್ಪ ಬಳೆ) ನೇರವಾಗಿ ಅದನ್ನು ಹಿಡಿದಿರುವ ಬ್ರಾಕೆಟ್‌ಗೆ ಉಜ್ಜುತ್ತಿತ್ತು. ಲಾಕ್ ನಟ್ ಬಿಗಿ ಮಾಡಿದರೆ ಹ್ಯಾಂಡಲ್ ಹಿಡಿದುಕೊಳ್ಳುತ್ತಿತ್ತು, ಸಡಿಲ ಬಿಟ್ಟರೆ ಸ್ಕ್ರೂ ಹಿಂದೆ ಮುಂದೆ ಆಡುತ್ತಿತ್ತು. ಹದ ಸಿಕ್ಕರೂ ಸಂಜೆಯೊಳಗೆ ತಪ್ಪಿಹೋಗುತ್ತಿತ್ತು.

ಆನ್‌ಲೈನ್‌ನ ರೆಡಿ ಕಿಟ್ ನನ್ನ ಬಜೆಟ್‌ಗೆ ಜಾಸ್ತಿಯಾಯಿತು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಎಫ್8-16ಎಂ ಬೇರಿಂಗ್ ಎರಡು ತಂದೆ. ಒಳತೂತು 8 ಮಿ.ಮೀ., ಹೊರಗೆ 16, ದಪ್ಪ 5. ಕಾಲರ್ ಕಡೆ ಒಂದು, ಹ್ಯಾಂಡಲ್ ಹತ್ತಿರ ಅಳತೆಯ ಗೆರೆಗಳಿರುವ ಡಯಲ್ ಕಡೆ ಒಂದು. ಜಾಗಕ್ಕಾಗಿ ಬ್ರಾಕೆಟ್‌ನಲ್ಲಿ ಗುಳಿ ಕೊರೆಯಬೇಕಾಯಿತು. ಗುಳಿಯ ತಳ ತೂತಿಗೆ ಲಂಬವಾಗಿರಲೇಬೇಕು, ಇಲ್ಲದಿದ್ದರೆ ಒಂದು ಸುತ್ತಿನಲ್ಲಿ ಅರ್ಧ ಬಿಗಿ, ಅರ್ಧ ಸಡಿಲ. ಇನ್ನೊಂದು ಮಾತು: ಪ್ರತಿ ಬೇರಿಂಗ್‌ನಲ್ಲಿ ಗುಂಡುಗಳ ಆಚೀಚೆ ಇರುವ ಎರಡು ವಾಷರ್‌ಗಳ ತೂತು ಒಂದೇ ಅಳತೆಯಲ್ಲ. ಬಿಗಿಯಾಗಿ ಕೂರುವುದು ಸ್ಕ್ರೂ ಜೊತೆ ತಿರುಗಬೇಕು, ಸಡಿಲದ್ದು ಬ್ರಾಕೆಟ್‌ಗೆ ಒರಗಬೇಕು. ಎಲ್ಲ ಲೇಥ್‌ಗಳ ಸ್ಕ್ರೂ ಒಂದೇ ದಪ್ಪ ಇರಲ್ಲ, ನಿಮ್ಮದನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ.

ಈಗ ಕೆಲಸ ಶುರು ಮಾಡುವ ಮುಂಚೆ ಮೋಟರ್ ಹಾಕದೆ, ತೋರುಬೆರಳೊಂದರಿಂದಲೇ ಹ್ಯಾಂಡಲ್ ತಿರುಗಿಸುತ್ತೇನೆ. ಈ ತುದಿಯಿಂದ ಆ ತುದಿಗೆ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಹೋಗುತ್ತದೆ. ಆಮೇಲೆ ಒಂದು ಹನಿ ಎಣ್ಣೆ, ಬ್ರಶ್‌ನಿಂದ ಒಂದು ಒರೆಸು. ನಾನು ಮಾಡುವುದು ಪುಟ್ಟ ಸ್ಟೀಮ್ ಎಂಜಿನ್ ಮಾದರಿಗಳು. ಪಿಸ್ಟನ್‌ಗೆ ಕೊನೆಯ ಕಟ್ ಕೊಡುವಾಗ ಡಯಲ್‌ನ ಅರ್ಧ ಗೆರೆಯಷ್ಟು ಸರಿಸಿದರೂ ಕೈಗೆ ಗೊತ್ತಾಗುತ್ತದೆ. ಮೊದಲು ಅಷ್ಟು ಸರಿಸಲು ಹೋದರೆ ಹ್ಯಾಂಡಲ್ ಸಿಕ್ಕಿಕೊಂಡು, ಆಮೇಲೆ ಒಮ್ಮೆಲೇ ಜಾರಿ ಎರಡು ಗೆರೆ ದಾಟುತ್ತಿತ್ತು. ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡ್‌ನಲ್ಲಿ ಪಾರ್ಟಿಂಗ್, ಅಂದರೆ ತುಂಡು ಕತ್ತರಿಸಿ ಬೇರ್ಪಡಿಸುವ ಕೆಲಸ, ಮಾಡುವಾಗಲೂ ಅಷ್ಟೇ. ಸ್ಕ್ರೂನ ಆಟ ಹೋದದ್ದರಿಂದ ಜಾಬ್ (ಕತ್ತರಿಸುತ್ತಿರುವ ತುಂಡು) ಟೂಲನ್ನು ಒಳಕ್ಕೆ ಎಳೆದುಕೊಳ್ಳುವುದು ಎಷ್ಟೋ ಕಡಿಮೆಯಾಯಿತು.

ಆದರೆ ಈ ಬೇರಿಂಗ್‌ಗೆ ಮುಚ್ಚಳವಿಲ್ಲ, ನನಗೆ ಬೇಸರ ಇರುವುದು ಅಲ್ಲೇ. ಹಿತ್ತಾಳೆಯ ಪುಡಿ ಹೇಗೋ ನುಗ್ಗುತ್ತದೆ. ಬೀಡು ಕಬ್ಬಿಣ ಕೊರೆದ ದಿನವಂತೂ ಆ ಕಪ್ಪು ಪುಡಿ ಗ್ರೀಸ್ ಜೊತೆ ಸೇರಿ ಉಜ್ಜುವ ಪೇಸ್ಟ್ ಆಗುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಸಣ್ಣಗೆ ಕರಕರ ಅಂದರೆ ಬಿಚ್ಚಲೇಬೇಕು. ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಾಕಿ, ಮತ್ತೆ ಲಾಕ್ ನಟ್ ಹದ ಮಾಡುವಷ್ಟರಲ್ಲಿ ಭಾನುವಾರದ ಬೆಳಗ್ಗೆ ಮುಗಿದಿರುತ್ತದೆ. ಇಷ್ಟು ಸಣ್ಣ ಅಳತೆಗೆ ಒಂದು ಕವಚ ಯಾರಾದರೂ ಮಾಡಿ ಮಾರಬಾರದಾ ಅಂತ ಪ್ರತಿ ಸಲ ಅನ್ನಿಸುತ್ತದೆ. ಸದ್ಯಕ್ಕೆ ದಪ್ಪ ಫೆಲ್ಟ್ ಬಟ್ಟೆಯನ್ನು ಬಳೆಯಾಕಾರಕ್ಕೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಸುತ್ತ ಕೂರಿಸಿದ್ದೇನೆ. ಬಿಚ್ಚುವ ಕೆಲಸ ಬಹಳ ಕಡಿಮೆಯಾಗಿದೆ.

ಬ್ಯಾಕ್‌ಲ್ಯಾಶ್ (ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದಾಗ ಸ್ಲೈಡ್ ಸರಿಯುವ ಮುಂಚಿನ ಖಾಲಿ ಆಟ) ಪೂರ್ತಿ ಹೋಗುತ್ತದೆ ಅಂದುಕೊಂಡು ಮಾತ್ರ ಕೊಳ್ಳಬೇಡಿ. ಬೇರಿಂಗ್ ತೆಗೆಯುವುದು ಕಾಲರ್ ಹತ್ತಿರದ ಆಟವನ್ನು. ಸ್ಕ್ರೂ ಹಾದುಹೋಗುವ ಸವೆದ ಹಿತ್ತಾಳೆ ನಟ್‌ನ ಆಟ ಹಾಗೇ ಉಳಿಯುತ್ತದೆ. ನನ್ನಲ್ಲಿ ಒಟ್ಟು 0.3 ಮಿ.ಮೀ. ಇದ್ದದ್ದು 0.12ಕ್ಕೆ ಇಳಿಯಿತು. ಇನ್ನೂ ಇಳಿಸಬೇಕು ಅಂದರೆ ಆ ಹಿತ್ತಾಳೆ ನಟ್ ಬದಲಿಸಬೇಕು. ಟಾಪ್ ಸ್ಲೈಡ್‌ಗೂ (ಕ್ರಾಸ್ ಸ್ಲೈಡ್ ಮೇಲಿರುವ ಸಣ್ಣ ಸ್ಲೈಡ್) ಹಾಕಲೇ ಅಂತ ಕೇಳುವವರಿಗೆ: ನಾನು ಹಾಕಿಲ್ಲ. ಅದು ಬಹುಪಾಲು ಬಿಗಿದೇ ಇರುತ್ತದೆ, ಆ ದುಡ್ಡಿಗೆ ಒಂದು ಒಳ್ಳೆಯ ಪಾರ್ಟಿಂಗ್ ಬ್ಲೇಡ್ ಬರುತ್ತದೆ.