ಒಂದೇ ಅಡಿಕೆ ಲೆಕ್ಕ, ಏಜೆಂಟಿಗೆ ಮೂರು ಥರ ಕೊಟ್ಟು ನೋಡಿದೆ

ಶಿವಮೊಗ್ಗದಲ್ಲಿ ನಮ್ಮ ಭಾವನ ಅಡಿಕೆ ಮಂಡಿ ಇದೆ. ಅದರ ಲೆಕ್ಕದ ಸಾಫ್ಟ್‌ವೇರ್ ಬರೆದವನು ನಾನು. ಆವಕ, ಪಟ್ಟಿ (ಮಾರಾಟದ ಬಿಲ್ಲು), ರೈತರಿಗೆ ಕೊಟ್ಟ ಮುಂಗಡ ಎಲ್ಲವೂ ಅದರಲ್ಲೇ. "ಇಷ್ಟೆಲ್ಲ ಸ್ಕ್ರೀನ್ ಯಾಕೆ ಮಾರಾಯ, ಬಾಯಲ್ಲಿ ಕೇಳಿದ್ರೆ ಹೇಳಲ್ವಾ ಇದು?" ಅಂತ ಭಾವ ಅಂದ ಮೇಲೆ ಇದನ್ನು ಎಐ ಏಜೆಂಟಿಗೆ, ಅಂದರೆ ಮಾತು ಕೇಳಿ ತಾನೇ ಕೆಲಸ ಮಾಡುವ ಎಐಗೆ, ಜೋಡಿಸಲು ಕೂತೆ. ಮೂರು ದಾರಿ ಕಂಡವು. ಮೂರನ್ನೂ ಮಾಡಿ ನೋಡಿದೆ. ಮಾಡೆಲ್, ಅಂದರೆ ಏಜೆಂಟಿನ ಒಳಗಿನ ತಲೆ, ಮಾತ್ರ ಒಂದೇ.

ಪರೀಕ್ಷೆ ಹೇಗೆ ಮಾಡಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಭಾವ ದಿನವೂ ಕೇಳುವಂಥ 24 ಪ್ರಶ್ನೆ ಬರೆದುಕೊಂಡೆ. ಒಂದೊಂದನ್ನೂ 5 ಸಲ ಓಡಿಸಿದೆ, ಡೇಟಾಬೇಸಿನ ನಕಲಿನ ಮೇಲೆ. ಐದೂ ಸಲ ಸರಿ ಬಂದರೆ ಮಾತ್ರ ಪಾಸು. ಇದು ನನ್ನ ತಲೆಯದ್ದಲ್ಲ, 2024ರಲ್ಲಿ ಬಂದ ಟೌ-ಬೆಂಚ್ ಅನ್ನುವ ಏಜೆಂಟ್ ಪರೀಕ್ಷೆಯಿಂದ ಎತ್ತಿಕೊಂಡದ್ದು. ಅವರೂ ಏಜೆಂಟ್ ಏನು ಹೇಳಿತು ಅನ್ನುವುದನ್ನಷ್ಟೇ ನಂಬುವುದಿಲ್ಲ, ಕೊನೆಗೆ ಡೇಟಾಬೇಸ್ ಹೇಗಿರಬೇಕಿತ್ತೋ ಹಾಗಿದೆಯಾ ಅಂತ ನೋಡುತ್ತಾರೆ. ಜೊತೆಗೆ "ನಾಳೆ ರಾಶಿ ರೇಟು ಎಷ್ಟಾಗುತ್ತೆ?" ಅಂಥ ನಾಲ್ಕು ಪ್ರಶ್ನೆ ಬೇಕಂತಲೇ ಸೇರಿಸಿದೆ (ರಾಶಿ ಅಂದರೆ ಅಡಿಕೆಯ ಒಂದು ಬಗೆ). ಇಂಥದ್ದಕ್ಕೆ ಏಜೆಂಟ್ ಯಾವ ಟೂಲನ್ನೂ (ಕೆಲಸ ಮಾಡಲು ಅದಕ್ಕೆ ಕೊಟ್ಟ ಫಂಕ್ಷನ್) ಕರೆಯಬಾರದು, ಗೊತ್ತಿಲ್ಲ ಅನ್ನಬೇಕು. ಮಾಡೆಲ್‌ಗಳು ಟೂಲನ್ನು ಎಷ್ಟು ಸರಿಯಾಗಿ ಕರೆಯುತ್ತವೆ ಅಂತ ಅಳೆಯುವ ಬರ್ಕ್ಲಿಯವರ ಫಂಕ್ಷನ್ ಕಾಲಿಂಗ್ ಲೀಡರ್‌ಬೋರ್ಡ್‌ನಲ್ಲೂ ಇಂಥ ಒಂದು ವಿಭಾಗವಿದೆ.

ಮೊದಲನೇ ದಾರಿ ಸೋಮಾರಿಯದ್ದು. ನನ್ನ ಎಪಿಐಗೆ (ಬೇರೆ ಪ್ರೋಗ್ರಾಮುಗಳು ನನ್ನ ಸಾಫ್ಟ್‌ವೇರ್ ಜೊತೆ ಮಾತಾಡುವ ಬಾಗಿಲು) ಓಪನ್‌ಎಪಿಐ ಫೈಲ್, ಅಂದರೆ ಅದರ ವಿವರದ ಪಟ್ಟಿ, ಹೇಗೂ ಇತ್ತು, ಅದನ್ನೇ ಒಂದು ಸ್ಕ್ರಿಪ್ಟಿಗೆ ಹಾಕಿ ಅದರಲ್ಲಿದ್ದ ಒಂದೊಂದು ಎಂಡ್‌ಪಾಯಿಂಟನ್ನೂ, ಅಂದರೆ ಒಂದೊಂದು ಕೆಲಸದ ವಿಳಾಸವನ್ನೂ, ಟೂಲ್ ಮಾಡಿದೆ. ಮಧ್ಯಾಹ್ನ ಊಟ ಮಾಡಿ ಕೂತವನು ಸಂಜೆ ಕಾಫಿ ಹೊತ್ತಿಗೆ ಮುಗಿಸಿದೆ. 47 ಟೂಲ್! ಭಾವ ಒಂದು ಮಾತು ಕೇಳುವ ಮೊದಲೇ ಇಷ್ಟರ ವಿವರಣೆಯೂ ಮಾಡೆಲ್ಲಿನ ಮುಂದೆ ಹೋಗಿ ಕೂರುತ್ತದೆ, ಪ್ರತಿ ಸಲವೂ. ಮಾಡೆಲ್ಲಿಗೆ ಓದಿಸಿದ್ದಕ್ಕೆಲ್ಲ ದುಡ್ಡು, ಅದು ಸುಮ್ನೆ ಸುಡುತ್ತದೆ.

ಅದಾದರೂ ಇರಲಿ. "ಮೂರು ಕ್ವಿಂಟಲ್ ರಾಶಿ ಬಂತು, ಬರ್ಕೋ" ಅಂದೆ. "3 ಕ್ವಿಂಟಲ್ ರಾಶಿ ಆವಕ ದಾಖಲಿಸಿದ್ದೇನೆ" ಅಂತ ಚೆನ್ನಾಗಿಯೇ ಉತ್ತರ ಬಂತು. ಡೇಟಾಬೇಸ್ ತೆಗೆದು ನೋಡಿದರೆ 3 ಕೆಜಿ! ತಪ್ಪು ಮಾಡೆಲ್ಲಿನದ್ದಲ್ಲ, ನನ್ನದು. ಆ ಜಾಗದಲ್ಲಿ ನಾನು ಬರೆದಿದ್ದು "ಕ್ಯೂಟಿವೈ, ನಂಬರ್" (ಪ್ರಮಾಣ, ಸಂಖ್ಯೆ) ಅಂತ, ಅಷ್ಟೇ. ಅದು ಕೆಜಿ ಅಂತ ನನಗೆ ಗೊತ್ತು, ಭಾವನಿಗೆ ಗೊತ್ತು, ಮಂಡಿಯ ಹುಡುಗರಿಗೂ ಗೊತ್ತು. ಮಾಡೆಲ್ಲಿಗೆ ಯಾರು ಹೇಳಿದ್ದರು?

ಇನ್ನೊಂದು ಇನ್ನೂ ಮಜವಾಗಿದೆ. "ಸರಕು ಎಷ್ಟಿದೆ?" ಅಂದರೆ ಗೋದಾಮಿನಲ್ಲಿದ್ದ ಅಷ್ಟೂ ಅಡಿಕೆಯ ಲೆಕ್ಕ ಕೊಟ್ಟಿತು. ಪಾಪ, ಕನ್ನಡ ಅದಕ್ಕೆ ಬರುತ್ತದೆ, ಮಂಡಿ ಕನ್ನಡ ಬರುವುದಿಲ್ಲ. ನಮ್ಮಲ್ಲಿ ರಾಶಿ, ಬೆಟ್ಟೆ, ಗೊರಬಲು ಇದ್ದಹಾಗೆ ಸರಕು ಅಂದರೂ ಅಡಿಕೆಯ ಒಂದು ಬಗೆ. ಈ ದಾರಿಯಲ್ಲಿ ಪಾಸಾದವು ಅರ್ಧಕ್ಕಿಂತ ಕಡಿಮೆ.

ಎರಡನೇ ದಾರಿ ಎಂಸಿಪಿ ಸರ್ವರ್. ಎಂಸಿಪಿ ಅಂದರೆ ಏಜೆಂಟಿಗೆ ಟೂಲುಗಳನ್ನು ಜೋಡಿಸಲು ಎಐ ಕಂಪನಿ ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಬಿಟ್ಟ ಪ್ರೋಟೋಕಾಲ್. ಒಂದೊಂದು ಟೂಲಿಗೂ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಯಾವ ಯಾವ ಮಾಹಿತಿ ಯಾವ ರೂಪದಲ್ಲಿ ಬೇಕು ಅನ್ನುವುದು) ಕೊಡಬೇಕು. ಮೊದಲನೇ ದಾರಿಯಲ್ಲೂ ಇದೇ ಇರುವುದು, ನಿಜ. ವ್ಯತ್ಯಾಸ ಅಂದರೆ ಈ ಸಲ ಕೈಯಲ್ಲೇ ಬರೆದೆ, 47ರ ಬದಲು 6 ಟೂಲ್. ಕ್ಯೂಟಿವೈ ಹೋಗಿ "ವೆಯ್ಟ್_ಕೆಜಿ" ಆಯಿತು, ಪಕ್ಕದಲ್ಲಿ "ಕ್ವಿಂಟಲ್ ಅಂದರೆ 100ರಿಂದ ಗುಣಿಸು, ಮೂಟೆ ಅಂದರೆ ತೂಕ ಕೇಳು" ಅನ್ನುವ ಸಾಲು. ಬಗೆಯ ಜಾಗದಲ್ಲಿ 1, 2 ಅನ್ನುವ ಕೋಡ್ ತೆಗೆದು ಹೆಸರುಗಳನ್ನೇ ಹಾಕಿ, "ಸರಕು ಅಂದರೆ ಇಲ್ಲಿ ಒಂದು ಬಗೆ, ಒಟ್ಟು ದಾಸ್ತಾನು ಅಲ್ಲ" ಅಂತ ಸೇರಿಸಿದೆ. ವಿವರಣೆಯನ್ನು ಪೂರ್ತಿ ಕನ್ನಡದಲ್ಲೂ ಬರೆದು ನೋಡಿದೆ. ಅರ್ಥವೇನೋ ಆಗುತ್ತದೆ, ಆದರೆ ಟೋಕನ್ (ಮಾಡೆಲ್ ಓದುವ ಪದದ ತುಣುಕು, ಖರ್ಚಿನ ಲೆಕ್ಕ ಇದರ ಮೇಲೆಯೇ) ಜಾಸ್ತಿ ತಿನ್ನುತ್ತದೆ. ಕೊನೆಗೆ ವ್ಯಾಪಾರದ ಪದಗಳನ್ನು ಮಾತ್ರ ಕನ್ನಡದಲ್ಲಿ ಇಟ್ಟು ಉಳಿದದ್ದನ್ನು ಇಂಗ್ಲಿಷಿಗೆ ಬಿಟ್ಟೆ.

ಅತಿ ಹೆಚ್ಚು ಲಾಭ ಬಂದಿದ್ದು ನಾನು ಎಣಿಸದ ಕಡೆಯಿಂದ, ಎರರ್ ಮೆಸೇಜಿನಿಂದ. ಮೊದಲು ಬರೀ "400" ಅನ್ನುವ ತಪ್ಪಿನ ಕೋಡ್ ಬರುತ್ತಿತ್ತು, ಏಜೆಂಟ್ ಅದನ್ನೇ ಮತ್ತೆ ಮತ್ತೆ ಬಡಿಯುತ್ತಿತ್ತು. ಈಗ "ಈ ಹೆಸರಿನ ರೈತರು ಇಬ್ಬರಿದ್ದಾರೆ, ಊರು ಕೇಳಿ" ಅಂತ ಬರುತ್ತದೆ, ಅದು ಹಾಗೇ ತಿರುಗಿ ಭಾವನನ್ನು ಕೇಳುತ್ತದೆ. 24ರಲ್ಲಿ ಮೂರೋ ನಾಲ್ಕೋ ಬಿಟ್ಟು ಎಲ್ಲ ಪಾಸು. ಖರ್ಚಾಗಿದ್ದು ಎರಡು ಭಾನುವಾರ.

ಎಂಸಿಪಿಯಲ್ಲಿ ಟೂಲಿಗೆ "ಇದು ಓದುವುದಕ್ಕೆ ಮಾತ್ರ" ಅಂತ ಗುರುತು ಹಾಕಬಹುದು. ಅದು ಬರೀ ಸೂಚನೆ, ಬೀಗ ಅಲ್ಲ. ನಿಜವಾದ ತಡೆ ಸರ್ವರ್ ಒಳಗೇ ಇರಬೇಕು.

ಮೂರನೇ ದಾರಿಯಲ್ಲಿ ಟೂಲೇ ಇಲ್ಲ. ಏಜೆಂಟಿಗೆ ಟರ್ಮಿನಲ್ (ಕಂಪ್ಯೂಟರಿಗೆ ಕಮಾಂಡ್ ಟೈಪ್ ಮಾಡುವ ಕಿಟಕಿ) ಕೊಟ್ಟು, ನನ್ನ ಹಳೇ ಕಮಾಂಡ್‌ಲೈನ್ ಪ್ರೋಗ್ರಾಮ್ ತೋರಿಸಿ, ಒಂದು ಪುಟದ ಸೂಚನೆ ಫೈಲ್ ಇಟ್ಟೆ. ಬೇಕಾದಾಗ ಅದೇ ಹೆಲ್ಪ್ ತೆಗೆದು ಓದಿಕೊಳ್ಳುತ್ತದೆ, ಬೇಡದ್ದನ್ನು ಹೊತ್ತುಕೊಂಡು ತಿರುಗುವುದಿಲ್ಲ. "ಕಳೆದ ಮೂರು ತಿಂಗಳಲ್ಲಿ ಯಾರ ಬೆಟ್ಟೆ ಜಾಸ್ತಿ ಬಂತು?" ಅಂಥ ಕೂಡಿ ಕಳೆಯುವ ಪ್ರಶ್ನೆಗೆ ಇದನ್ನು ಮೀರಿಸಲು ಉಳಿದೆರಡರ ಕೈಲಿ ಆಗಲಿಲ್ಲ. ಒಂದು ಕಮಾಂಡಿನ ಉತ್ತರವನ್ನು ಇನ್ನೊಂದಕ್ಕೆ ನೇರ ಹರಿಸಿ ಕ್ಷಣದಲ್ಲಿ ತಂದು ಕೊಡುತ್ತದೆ.

ಆದರೆ ಬರೆಯುವ ಕೆಲಸಕ್ಕೆ ನನಗೆ ಧೈರ್ಯ ಬರಲಿಲ್ಲ. ಮುಂಗಡ ತಿದ್ದುವ ಕಮಾಂಡ್ ನನ್ನ ಪ್ರೋಗ್ರಾಮಿನಲ್ಲಿ ಇರಲಿಲ್ಲ. ಇಲ್ಲ ಅಂತ ಹೇಳುವ ಬದಲು ಅದು ಲೆಕ್ಕವೆಲ್ಲ ಇರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲನ್ನೇ ಹುಡುಕಿ ತೆಗೆದು, ನೇರ ಅಪ್‌ಡೇಟ್ ಬರೆದುಬಿಟ್ಟಿತು. ನಕಲಾಗಿತ್ತು, ಬಚಾವಾದೆ.

ಈಗ ಮಂಡಿಯಲ್ಲಿ ಓಡುತ್ತಿರುವುದು ಎರಡನೆಯದು. ತಿಂಗಳ ಕೊನೆಯ ರಿಪೋರ್ಟಿಗೆ ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಮೂರನೆಯದನ್ನು ಓಡಿಸುತ್ತೇನೆ, ಫೈಲಿಗೆ ಓದುವ ಅನುಮತಿ ಮಾತ್ರ ಕೊಟ್ಟು. ಮೊದಲನೆಯದನ್ನು ಡಿಲೀಟ್ ಮಾಡಿದೆ.

ಭಾವನಿಗೆ ಇನ್ನೂ ಒಂದು ತಕರಾರಿದೆ. ಮೊನ್ನೆ "ಎರಡು ಮೂಟೆ ಬಂತು" ಅಂದರಂತೆ, ಅದು "ತಲಾ ಎಷ್ಟು ಕೆಜಿ?" ಅಂತ ಕೇಳಿತಂತೆ. "ನಿನ್ನ ಏಜೆಂಟಿಗೆ ಪ್ರಶ್ನೆ ಕೇಳೋದೇ ಕೆಲಸನಾ?" ಅಂತ ರಾತ್ರಿ ಫೋನ್ ಮಾಡಿದ್ದರು. ಆ ಸಾಲನ್ನು ಮಾತ್ರ ನಾನು ತೆಗೆಯುವುದಿಲ್ಲ ಅಂದೆ.